ಸೋದರಕೂಟವೂ ಸೇವಾಧರ್ಮವೂ

ವಿದ್ಯಾರ್ಥಿ ಜೀವನದಲ್ಲಿ ಸ್ನೇಹಕ್ಕಿರುವ ಸ್ಥಾನ ಬಹಳ ದೊಡ್ಡದು. ಹತ್ತು ವರ್ಷ ಕನ್ನಡದಲ್ಲಿ ಓದಿ, ಬೇರೆ ಭಾಷೆಯ ಕಾಲೇಜಿನ ಮೆಟ್ಟಿಲೇರುವ ನಮ್ಮ ಗಡಿನಾಡಿನ ಮಕ್ಕಳಿಗಂತೂ "ನೀನು ನಮ್ಮವನು" ಎಂಬ ಒಂದು ಮಾತು ಅಮೃತಕ್ಕೆ ಸಮಾನ. ಆದರೆ ಆ ಮಾತನ್ನಾಡುವವರು ಅದಕ್ಕೆ ಕೇಳುವ ಬೆಲೆಯೇನು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಅಮೆರಿಕದ ಕಾಲೇಜುಗಳಲ್ಲಿ 'ಫ್ರೆಟರ್ನಿಟಿ' ಎಂಬ ಸೋದರಕೂಟಗಳುಂಟು. ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಮೊದಲ ಕೂಟವು 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಒಂದನೆಯ ಮಹಾಯುದ್ಧದಲ್ಲಿ ನೌಕಾಸೇನೆಯಲ್ಲಿದ್ದು ಬಂದ ಫ್ರಾಂಕ್ ರೀಡ್ ಹಾರ್ಟನ್ ಎಂಬವರು 1925ರಲ್ಲಿ ಪೆನ್ಸಿಲ್ವೇನಿಯದ ಲಾಫಯೆಟ್ ಕಾಲೇಜಿನಲ್ಲಿ 'ಆಲ್ಫಾ ಫೈ ಒಮೆಗಾ' ಕೂಟವನ್ನು ಸ್ಥಾಪಿಸಿದರು. ಸ್ಕೌಟ್ ತತ್ತ್ವಗಳೇ ಅದರ ತಳಹದಿ; ನಾಯಕತ್ವ, ಸ್ನೇಹ, ಸೇವೆಗಳೇ ಅದರ ಗುರಿ. ಕೂಟದೊಳಗಿನವರಿಗೆ ಮಾತ್ರವಲ್ಲದೆ ಕಾಲೇಜಿಗೆ, ಊರಿಗೆ, ದೇಶಕ್ಕೆ ಸೇವೆ ಸಲ್ಲಬೇಕೆಂಬುದು ಅದರ ನಿಯಮ. 1976ರಲ್ಲಿ ಅದು ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆಯಿತು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವೂ ಉಂಟು. ಅನೇಕ ಕೂಟಗಳು ಆಸ್ಪತ್ರೆಗಳಿಗೆ, ಅನಾಥರಿಗೆ ಹಣ ಕೂಡಿಸಿ ಕೊಡುತ್ತಲೇ, ಹೊಸದಾಗಿ ಸೇರುವವರನ್ನು ಹಿಂಸಿಸಿ 'ಪರೀಕ್ಷಿಸಿ'ದವು. ಅತಿಯಾಗಿ ಮದ್ಯ ಕುಡಿಸಿದ್ದರಿಂದ ಪ್ರಾಣ ಕಳೆದುಕೊಂಡ ತರುಣರೂ ಇದ್ದಾರೆ. ಇಂತಹ ಪ್ರಕರಣಗಳ ವಿವರವನ್ನು ಕಾಲೇಜುಗಳು ಪ್ರಕಟಿಸಬೇಕೆಂಬ ಕಾನೂನು 2024ರ ಡಿಸೆಂಬರಿನಲ್ಲಿ ಅಲ್ಲಿ ಬಂತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಕಡಲಾಚೆಗೂ ಸಲ್ಲುತ್ತದೆಯಲ್ಲವೇ?

ನಾವೇನೂ ಬೀಗಬೇಕಾಗಿಲ್ಲ. ಕೇರಳದಲ್ಲಿ ರ‍್ಯಾಗಿಂಗ್ ತಡೆಯಲು 1998ರಲ್ಲಿ ಕಾನೂನು ಮಾಡಬೇಕಾಯಿತೆಂದರೆ ರೋಗ ನಮ್ಮ ಮನೆಯಲ್ಲೂ ಇತ್ತೆಂದೇ ಅರ್ಥ.

ಕಷ್ಟವನ್ನು ಜೊತೆಯಾಗಿ ಅನುಭವಿಸಿದರೆ ಬಾಂಧವ್ಯ ಬೆಳೆಯುತ್ತದೆಂದು ಕೆಲವರು ವಾದಿಸುತ್ತಾರೆ. ಮಾತು ನಿಜವೇ. ಆದರೆ ಎಂತಹ ಕಷ್ಟ? ಮಳೆಗಾಲ ಮುಗಿದ ಮೇಲೆ ನಮ್ಮ ತೋಡುಗಳಿಗೆ ಕಟ್ಟ ಹಾಕುವವರನ್ನು ನೋಡಿರಿ. ಕಲ್ಲು, ಮಣ್ಣು ಹೊತ್ತು ಬೆನ್ನು ಬಾಗಿದರೂ ಅಲ್ಲಿ ಯಾರೂ ಯಾರನ್ನೂ ಅವಮಾನಿಸುವುದಿಲ್ಲ. ನೀರು ನಿಂತಾಗ ಒಸರು ಏರುವುದು ದುಡಿದವನ ಬಾವಿಯಲ್ಲಿ ಮಾತ್ರವೂ ಅಲ್ಲ. ನಿಜವಾದ ಸೋದರಭಾವಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ನಮ್ಮ ದೇಶದಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. "ನನಗಲ್ಲ, ನಿನಗೆ" ಎಂಬುದು ಅದರ ಧ್ಯೇಯವಾಕ್ಯ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ದುಡಿಯಬೇಕು. ಏಳು ದಿನಗಳ ಶಿಬಿರವೂ ಉಂಟು. ಇದಕ್ಕೆ ಸೇರಲು ಗುಟ್ಟಿನ ದೀಕ್ಷೆ ಬೇಡ. ಹಾರೆ ಹಿಡಿಯುವ ಮನಸ್ಸಿದ್ದರೆ ಸಾಕು. ಹಾಜರಿಗೋ ಅಂಕಗಳಿಗೋ ಮಾತ್ರ ಹಾರೆ ಹಿಡಿದರೆ ಇದೂ ಬರಿಯ ತೋರಿಕೆಯಾದೀತು ಎಂಬ ಎಚ್ಚರವೂ ಇರಲಿ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ಯಾವ ಸಂಘಕ್ಕೆ ಸೇರುವಾಗಲೂ ಅದು ಹಂಚಿದ ದಾನದ ಪಟ್ಟಿಯನ್ನಷ್ಟೇ ನೋಡಬೇಡಿರಿ. ಅಲ್ಲಿ ಅತ್ಯಂತ ಕಿರಿಯನನ್ನು ಹೇಗೆ ಕಾಣುತ್ತಾರೆ, ಹೊರಗಿನವನನ್ನು ಹೇಗೆ ಕಾಣುತ್ತಾರೆ ಎಂಬುದನ್ನು ನೋಡಿರಿ. ನೊಂದವನ ಕಣ್ಣೀರನ್ನು ದಾನದ ರಶೀದಿ ಒರೆಸಲಾರದು. ನಾಳೆ ನೀವು ಹಿರಿಯರಾದಾಗ, ಭಾಷೆ ಬಾರದೆ ತರಗತಿಯ ಮೂಲೆಯಲ್ಲಿ ಒಬ್ಬನೇ ಕುಳಿತ ಹುಡುಗನ ಬಳಿಗೆ ಹೋಗಿ ಕುಳಿತುಕೊಳ್ಳಿರಿ. ಸೇವೆ ಅಲ್ಲಿಂದಲೇ ಆರಂಭವಾಗಲಿ.