ಬೀದಿ ಯಾರಪ್ಪಂದು ಸ್ವಾಮಿ?

ಬೆಂಗಳೂರಿನವರ ಹತ್ರ ಏನಕ್ಕೆ ಬೇಕಾದ್ರೂ ದುಡ್ಡು ಕೇಳಿ, ಕೊಡ್ತಾರೆ. ನೀರಿನ ಟ್ಯಾಂಕರಿಗೆ ಕೇಳಿದಷ್ಟು ಗೊಣಗಿಕೊಂಡಾದ್ರೂ ಕೊಡ್ತಾರೆ. ಮಗು ಎಲ್‌ಕೆಜಿಗೆ ಲಕ್ಷ ಅಂದ್ರೆ ಸಾಲ ಮಾಡಿ ಕಟ್ತಾರೆ. ಮಾಲ್‌ನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಗಂಟೆ ಲೆಕ್ಕದಲ್ಲಿ ಕೇಳಿದ್ರೂ ತುಟಿಪಿಟಕ್ ಅನ್ನದೆ ಚೀಟಿ ಇಸ್ಕೊಂಡು ಕೊಡ್ತಾರೆ. ಆದ್ರೆ ಮನೆ ಮುಂದಿನ ಬೀದೀಲಿ ಹಗಲೂ ರಾತ್ರಿ ಕಾರ್ ನಿಲ್ಲಿಸ್ತೀರಲ್ಲ, ಅದಕ್ಕೆ ವರ್ಷಕ್ಕೆ ಇಷ್ಟು ಅಂತ ಕೊಡಿ ಅಂದು ನೋಡಿ... ಮೈಮೇಲೆ ದೇವರು ಬಂದಂಗೆ ಆಡ್ತಾರೆ!

ಮೊನ್ನೆ ನಮ್ಮ ಬಡಾವಣೆಯ ಸಭೇಲೂ ಆಗಿದ್ದು ಅದೇ. ಮಾತಾಡಬೇಕಿದ್ದಿದ್ದು ಕಸ, ಬೀದಿ ದೀಪ ಮತ್ತು ಗಣಪತಿ ಹಬ್ಬದ ಲೆಕ್ಕ. ನಡುವೆ ಯಾರೋ ಪಾರ್ಕಿಂಗ್ ಪರ್ಮಿಟ್ ವಿಷಯ ಎತ್ತಿದರು. ಅಷ್ಟೇ. ಕಸವೂ ಹೋಯ್ತು, ಗಣಪತಿಯೂ ಹೋದ. ಒಂದೂವರೆ ಗಂಟೆ ಕೂಗಾಟ. ಪರ್ಮಿಟ್ ಬೇಕು ಅಂದವರು ಮೂರೂ ಮುಕ್ಕಾಲು ಜನ, ಅದರಲ್ಲಿ ನಾನೊಬ್ಬ. ಅಲ್ಲಿ ನನ್ನ ಮಾತು ಯಾರಿಗೂ ಕೇಳಿಸಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಇಲ್ಲಾದ್ರೆ ಮೈಕ್ ಕಿತ್ಕೊಳ್ಳೋರು ಯಾರೂ ಇಲ್ಲ :-)

ಮೊದಲೇ ಹೇಳಿಬಿಡ್ತೀನಿ, ನನಗೂ ಒಂದು ಸಣ್ಣ ಕಾರಿದೆ. ಬಾಡಿಗೆ ಮನೆ, ಒಳಗೆ ಜಾಗ ಇಲ್ಲ, ಬೀದೀಲೇ ನಿಲ್ಲುತ್ತೆ. ಈ ಶುಲ್ಕ ಬಂದ್ರೆ ಕೊಡಬೇಕಾದವರ ಸಾಲಿನಲ್ಲಿ ನಾನೂ ಇದೀನಿ. ಹಂಗಾಗಿ "ನಿನಗೇನಯ್ಯಾ ಹೇಳೋಕೆ" ಅನ್ನಬೇಡಿ.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ: ನಗರ ಭೂಸಾರಿಗೆ ನಿರ್ದೇಶನಾಲಯ (ಡಲ್ಟ್ ಅಂತಾರಲ್ಲ, ಅದೇ) ಬೆಂಗಳೂರಿಗೆ 'ಪಾರ್ಕಿಂಗ್ ನೀತಿ 2.0' ಅಂತ ಒಂದನ್ನ ಮಾಡಿತು. 2021ರ ಆರಂಭದಲ್ಲಿ ನಗರಾಭಿವೃದ್ಧಿ ಇಲಾಖೆ ಅದಕ್ಕೆ ಒಪ್ಪಿಗೆ ಕೊಡ್ತು. ಅದರಲ್ಲಿ ಜನರ ಕಣ್ಣು ಕೆಂಪಾಗಿಸಿದ್ದು ಒಂದೇ ಸಾಲು. ಮನೆಗಳಿರೋ ಬೀದೀಲಿ ಕಾರ್ ನಿಲ್ಲಿಸೋಕೆ ವರ್ಷದ ಪರ್ಮಿಟ್ ಮಾಡಿಸಬೇಕು: ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮದ್ದಕ್ಕೆ ಮೂರರಿಂದ ನಾಲ್ಕು ಸಾವಿರ, ಎಸ್‌ಯುವಿ ಥರದ ದೊಡ್ಡ ಗಾಡಿಗೆ 5,000. ಆಮೇಲೆ ಏನಾಯ್ತು? ಬಿಬಿಎಂಪಿಯೇ ಹೋಯ್ತು, 2025ರಲ್ಲಿ ಅದರ ಜಾಗಕ್ಕೆ ಐದು ಪಾಲಿಕೆ ಬಂದವು. ಬೋರ್ಡ್ ಬದಲಾಯ್ತು. ನಮ್ಮ ಬೀದಿ ಮಾತ್ರ ಹಂಗೇ ಇದೆ, ಪರ್ಮಿಟ್ಟೂ ಇಲ್ಲ, ಜಾಗವೂ ಇಲ್ಲ.

ಸ್ವಲ್ಪ ಲೆಕ್ಕ ಮಾಡೋಣ ಬನ್ನಿ. ಸಾವಿರ ರೂಪಾಯಿನ 365ರಿಂದ ಭಾಗಿಸಿ, ದಿನಕ್ಕೆ ಮೂರು ರೂಪಾಯಿಯೂ ಆಗಲ್ಲ. ಐದು ಸಾವಿರ ಅಂದ್ರೂ ದಿನಕ್ಕೆ 14 ರೂಪಾಯಿ ದಾಟಲ್ಲ. ದರ್ಶಿನಿಯಲ್ಲಿ ಒಂದು ಕಾಫಿ ಬರಲ್ಲ ಅಷ್ಟಕ್ಕೆ. ಹತ್ತು ಹದಿನೈದು ಲಕ್ಷದ ಗಾಡಿ ಇಟ್ಟವರು ಒಂದು ಲೋಟ ಕಾಫಿಗಾಗಿ ಬೀದಿಗಿಳಿದು ಹೋರಾಟ ಮಾಡ್ತೀನಿ ಅಂತಾರೆ. ಬೀದೀಲಿ ಇಳಿಯೋಕೆ ಜಾಗ ಎಲ್ಲಿದೆ ಅಂತ ಬೇರೆ ಕೇಳಬೇಕು.

ಇನ್ನು ಜಾಗದ ಲೆಕ್ಕ. ಒಂದು ಕಾರ್ ನಿಲ್ಲೋಕೆ, ಬಾಗಿಲು ತೆಗೆಯೋಕೆ, ಹಿಂದೆ ಮುಂದೆ ಆಡಿಸೋಕೆ ಸೇರಿ 16 ಅಡಿ ಉದ್ದ, 8 ಅಡಿ ಅಗಲ ಅಂತ ಇಟ್ಕೊಳ್ಳಿ. 128 ಚದರಡಿ ಆಯ್ತು. ನಮ್ಮ ಬೆಂಗಳೂರಿನ ಮೂವತ್ತು-ನಲವತ್ತು ಸೈಟ್ ಅಂದ್ರೆ 1,200 ಚದರಡಿ. ಅಂದ್ರೆ ಸೈಟಿನ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಜಾಗ ಸಾರ್ವಜನಿಕರದ್ದು ನಿಮ್ಮ ಕಾರಿನ ಕೆಳಗಿದೆ. ಇದೇ ಅಳತೆಯ ಒಂದು ರೂಮ್ ಬಾಡಿಗೆಗೆ ಹುಡುಕಿ. ಎಷ್ಟು ಹೇಳ್ತಾರೆ, ಎಷ್ಟು ತಿಂಗಳ ಅಡ್ವಾನ್ಸ್ ಕೇಳ್ತಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಊರಲ್ಲಿ ಮನುಷ್ಯ ಮಲಗೋಕೆ ಬಾಡಿಗೆ, ಕಾರ್ ಮಲಗೋಕೆ ಪುಕ್ಕಟೆ!

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತ ಗಾದೆ ಇದೆಯಲ್ಲ, ನಮ್ಮ ಕ್ರಾಸ್‌ನಲ್ಲಿ ಅದು ಅಕ್ಷರಶಃ ನಿಜ. ಮಗನಿಗೊಂದು ಕಾರು, ಅಪ್ಪನಿಗೊಂದು ಕಾರು, ಎರಡೂ ಬೀದೀಲಿ. ಮನೆ ಪ್ಲಾನ್‌ನಲ್ಲಿ ಕೆಳಗೆ ಪಾರ್ಕಿಂಗ್ ಅಂತ ತೋರಿಸಿ ಮಂಜೂರಾತಿ ತಗೊಂಡಿದ್ದ ಜಾಗದಲ್ಲಿ ಈಗ ಬ್ಯೂಟಿ ಪಾರ್ಲರ್ ಇದೆ, ತಿಂಗಳ ಬಾಡಿಗೆ ಬರ್ತಿದೆ. ಅಂದ್ರೆ ಒಳಗಿನ ಜಾಗ ಬಾಡಿಗೆಗೆ ಕೊಟ್ಟು, ಕಾರನ್ನ ನಮ್ಮೆಲ್ಲರ ಜಾಗಕ್ಕೆ ತಳ್ಳಿದ್ದಾರೆ. ಇಂಥವರೇ ಸಭೇಲಿ ಎಲ್ಲರಿಗಿಂತ ಜೋರಾಗಿ "ಜನಸಾಮಾನ್ಯರ ಮೇಲೆ ಹೊರೆ" ಅಂತ ಕೂಗಿದ್ದು.

ಅವರ ವಾದಗಳನ್ನ ಒಂದೊಂದಾಗಿ ನೋಡೋಣ.

"ನಾವು ರೋಡ್ ಟ್ಯಾಕ್ಸ್ ಕಟ್ಟಿದೀವಿ." ಕಟ್ಟಿದೀರಿ, ನಿಜ. ಕರ್ನಾಟಕದಲ್ಲಿ ಅದು ಕಡಿಮೆಯೂ ಅಲ್ಲ, ನನಗೂ ಹೊಟ್ಟೆ ಉರಿದಿದೆ. ಆದ್ರೆ ಆ ದುಡ್ಡು ಹೋಗೋದು ರಾಜ್ಯ ಸರ್ಕಾರದ ಖಜಾನೆಗೆ. ನಿಮ್ಮ ಬೀದಿ ಗುಂಡಿ ಮುಚ್ಚಬೇಕಾದ ಪಾಲಿಕೆಗಲ್ಲ. ಅದು ಗಾಡಿ ಇಟ್ಕೊಂಡು ಓಡಿಸೋಕೆ ಕಟ್ಟಿದ ತೆರಿಗೆ, ರಸ್ತೆಯ ಒಂದು ತುಂಡನ್ನ ಜೀವಮಾನ ಪೂರ್ತಿ ಬರೆಸಿಕೊಂಡ ಕ್ರಯಪತ್ರ ಅಲ್ಲ. ಬಸ್ಸಿನ ಟಿಕೆಟ್ ತಗೊಂಡವನು ಬಸ್ಸಲ್ಲೇ ಚಾಪೆ ಹಾಸಿ ಸಂಸಾರ ಹೂಡೋಕಾಗುತ್ತಾ?

"ನಮ್ಮ ಮನೆ ಮುಂದಿನ ಜಾಗ ನಮ್ಮದೇ." ಇದು ಎಲ್ಲಕ್ಕಿಂತ ಮಜಾ. ನಿಮ್ಮ ಪತ್ರ ತೆಗೆದು ಚಕ್ಕುಬಂದಿ ಓದಿ. ಒಂದು ದಿಕ್ಕಿಗೆ 'ರಸ್ತೆ' ಅಂತ ಬರೆದಿರುತ್ತೆ. ನಿಮ್ಮ ಜಾಗ ಮುಗಿಯೋದು ಎಲ್ಲಿ ಅಂತ ತಿಳಿಸೋಕೇ ಅದನ್ನ ಬರೆದಿರೋದು. ಆದ್ರೂ ಬೀದಿ ತುಂಬಾ ನೋಡಿ: ಹೂವಿನ ಕುಂಡ, ಸಿಮೆಂಟ್ ತುಂಬಿದ ಡಬ್ಬ, ಕಲ್ಲು, ಮುರಿದ ಕುರ್ಚಿ, 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು' ಅನ್ನೋ ಬೋರ್ಡು. ಪಾರ್ಕಿಂಗ್ ನಿಯಂತ್ರಣ ಬೇಡ ಅನ್ನೋರೆಲ್ಲ ಆಗಲೇ ತಮ್ಮದೇ ನಿಯಂತ್ರಣ ಜಾರಿ ಮಾಡಿಕೊಂಡಿದ್ದಾರೆ! ಅದಕ್ಕೆ ಕಾನೂನಿಲ್ಲ, ರಸೀದಿ ಇಲ್ಲ, ಅಷ್ಟೇ ವ್ಯತ್ಯಾಸ. ಗಟ್ಟಿ ಗಂಟಲಿನವನಿಗೆ ಜಾಗ ಸಿಗುತ್ತೆ, ಮೆತ್ತಗಿನವನು ಎರಡು ಕ್ರಾಸ್ ಆಚೆ ನಿಲ್ಲಿಸಿ ನಡ್ಕೊಂಡು ಬರ್ತಾನೆ.

"ಬೀದೀಲಿ ನಿಲ್ಲೋಕೂ ದುಡ್ಡು ಕೇಳೋದು ಎಲ್ಲಾದ್ರೂ ಉಂಟಾ?" ಉಂಟು ಸ್ವಾಮಿ. ನಮ್ಮೂರ ಕಡೆ ಬನ್ನಿ.

ನಮ್ಮೂರು ದುದ್ದ, ಹಾಸನ ತಾಲೂಕಿನ ಹೋಬಳಿ ಕೇಂದ್ರ. ನಮ್ಮ ಸೀಮೆಯ ಸಂತೆಗಳಲ್ಲಿ ಗೋಣಿತಾಟು ಹಾಸಿಕೊಂಡು ನಾಲ್ಕು ಕಟ್ಟು ಸೊಪ್ಪು ಮಾರೋ ಮುದುಕಿಯೂ ಸುಂಕ ಕೊಟ್ಟೇ ಕೂರಬೇಕು. ಕೂರೋ ಜಾಗ ಮೂರಡಿ, ಅದೂ ಸಂಜೆವರೆಗೆ. ಯಾವತ್ತಾದ್ರೂ ಆಯಮ್ಮ "ಇದು ನನ್ನ ಮೂಲಭೂತ ಹಕ್ಕು" ಅಂತ ಧರಣಿ ಕೂತಿದ್ದು ನೋಡಿದೀರಾ? 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ತೆಗೆದು ನೋಡಿ. ಸಂತೆಗೆ ಶುಲ್ಕ ಇದೆ. ಪಂಚಾಯ್ತಿಯ ಹುಲ್ಲುಗಾವಲಲ್ಲಿ ದನ ಮೇಯಿಸೋಕೂ ಶುಲ್ಕ ವಸೂಲಿ ಮಾಡಬಹುದು. ಹಸು ಹುಲ್ಲು ತಿಂದ್ರೆ ಹಾಲು, ಗೊಬ್ಬರವನ್ನಾದ್ರೂ ಕೊಡುತ್ತೆ. ಬೀದೀಲಿ ನಿಂತ ಕಾರು ಏನು ಕೊಡುತ್ತೆ, ಎಣ್ಣೆ ಕಲೆ?

ಇನ್ನೊಂದು ವಿಷಯ. ಗೋಮಾಳವನ್ನ ನಮ್ಮ ಸರ್ಕಾರ ಸುಮ್ಮನೆ ಬಿಟ್ಟಿಲ್ಲ. ಭೂಕಂದಾಯ ನಿಯಮಗಳಲ್ಲಿ 100 ದನಕ್ಕೆ 30 ಎಕರೆ ಅಂತ ಅಳತೆ ಇದೆ. ಎಲ್ಲರದ್ದೂ ಆದ ಜಾಗಕ್ಕೆ ಎಣಿಕೆ ಇರಬೇಕು, ಇಲ್ಲದಿದ್ರೆ ಜಾಸ್ತಿ ದನ ಇದ್ದವನು ಎಲ್ಲಾ ಮೇಯಿಸಿಬಿಡ್ತಾನೆ ಅನ್ನೋದು ನಮ್ಮ ಹಳ್ಳಿಯವರಿಗೆ ಗೊತ್ತಿತ್ತು. ಹಿಂದೆ ಎತ್ತು, ಗಾಡಿ ಕೊಳ್ಳೋನು ಮೊದಲು ಕೊಟ್ಟಿಗೆ ನೋಡ್ಕೋತಿದ್ದ. "ಕೊಟ್ಟಿಗೆ ಇಲ್ಲ, ಊರ ಬೀದೀಲೇ ಕಟ್ಟಾಕ್ತೀನಿ" ಅಂದಿದ್ರೆ ಊರವರು ಬೀದಿ ನಿನ್ನಪ್ಪಂದಾ ಅಂತ ಕೇಳ್ತಿದ್ರು.

ಪಟ್ಟಣದಲ್ಲೂ ಬಡವನಿಗೆ ಇದೇ ಲೆಕ್ಕ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ತಳ್ಳುಗಾಡಿಯವನು ಪ್ರಮಾಣಪತ್ರ ತಗೋಬೇಕು, ಗೊತ್ತು ಮಾಡಿದ ಜಾಗದಲ್ಲೇ ನಿಲ್ಲಬೇಕು, ಶುಲ್ಕ ಕಟ್ಟಬೇಕು. ಹೊಟ್ಟೆಪಾಡಿಗೆ ನಿಂತವನಿಗೆ ಇಷ್ಟೆಲ್ಲ ಇದೆ. ಸುಮ್ಮನೆ ನಿಂತ ಕಾರಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

ಬರೀ ನ್ಯಾಯದ ಮಾತಾಗಿದ್ರೆ ನಾನೂ ಇಷ್ಟು ಕೂಗ್ತಿರಲಿಲ್ಲವೇನೋ. ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಕ್ರಾಸ್‌ನ ಅಜ್ಜಿಯೊಬ್ಬರಿಗೆ ಎದೆನೋವು ಬಂತು. ಆಂಬುಲೆನ್ಸ್ ಬೇಗನೇ ಬಂತು, ಬಂದು ಮೂಲೇಲೇ ನಿಂತಿತು. ಬೀದಿ ಇರೋದು 20 ಅಡಿ. ಆ ಕಡೆ ಒಂದು, ಈ ಕಡೆ ಒಂದು ದೊಡ್ಡ ಗಾಡಿ. ಆರಾರು ಅಡಿ ಅವೇ ತಿಂದ್ರೆ ಉಳಿದಿದ್ದೆಷ್ಟು? ಯಾರ ಗಾಡಿ ಅಂತ ಗೊತ್ತಿಲ್ಲ, ಹಾರ್ನ್ ಹೊಡೆದ್ರೂ ಯಾರೂ ಎದ್ದು ಬರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿಕೊಂಡು, ನಾಲ್ಕು ಜನ ಎತ್ಕೊಂಡು, ಮಳೇಲಿ ಮೂಲೆವರೆಗೂ ಹೋದೆವು. ಅಜ್ಜಿ ಉಳಿದರು, ಆಯಸ್ಸು ಗಟ್ಟಿ ಇತ್ತು. ಬೆಂಕಿ ಬಿದ್ದಿದ್ರೆ? ಫೈರ್ ಇಂಜಿನ್ನಿನ ಅಗಲವೇ ಎಂಟಡಿ. ಮನೇನ ಕುರ್ಚೀಲಿ ಕೂರಿಸಿ ಮೂಲೆಗೆ ಹೊರೋಕಾಗಲ್ಲ.

ಪರ್ಮಿಟ್ ಅಂದ್ರೆ ಬರೀ ದುಡ್ಡಲ್ಲ ಅಂತ ನಾನು ಬಡ್ಕೊಳ್ಳೋದು ಇದಕ್ಕೇ. ಯಾವ ಬೀದೀಲಿ ಎಷ್ಟು ಗಾಡಿ ಹಿಡಿಸುತ್ತೆ ಅಂತ ಮೊದಲು ಅಳೀತಾರೆ. ಒಂದೇ ಬದಿ ಅಂದ್ರೆ ಒಂದೇ ಬದಿ. ಗಾಡಿ ಯಾವ ಮನೇದು ಅಂತ ಸ್ಟಿಕ್ಕರ್ ಹೇಳುತ್ತೆ. ಅವತ್ತು ರಾತ್ರಿ ಅಷ್ಟಿದ್ದಿದ್ರೆ ಸಾಕಿತ್ತು.

ಹೊರಗಿನವರು ಇದನ್ನೆಲ್ಲ ಎಂದೋ ಮಾಡಿ ಮುಗಿಸಿದ್ದಾರೆ. ದುಡ್ಡು ಹಾಕೋ ಮೊದಲ ಪಾರ್ಕಿಂಗ್ ಮೀಟರ್ ನೆಟ್ಟಿದ್ದು 1935ರ ಜುಲೈನಲ್ಲಿ, ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ. ಜಪಾನಿನಲ್ಲಿ 1962ರಿಂದಲೇ ಕಾನೂನಿದೆ. ಕಾರ್ ನೋಂದಣಿ ಆಗಬೇಕಾದ್ರೆ ಅದನ್ನ ನಿಲ್ಲಿಸೋಕೆ ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ನಮ್ಮೂರ ಕೊಟ್ಟಿಗೆ ನ್ಯಾಯವೇ, ಅವರು ಬರೆದಿಟ್ಟರು ಅಷ್ಟೇ. ಅಮೆರಿಕದ ಆರ್ಲಿಂಗ್ಟನ್‌ನಲ್ಲಿ ಹೊರಗಿನವರು ಬಂದು ಮನೆಗಳಿರೋ ಬೀದೀಲಿ ಗಾಡಿ ನಿಲ್ಲಿಸಿ ಆಫೀಸಿಗೆ ಹೋಗ್ತಿದ್ರು. ಅಲ್ಲಿ ನಿವಾಸಿಗಳಿಗೆ ಪರ್ಮಿಟ್ ತಂದ್ರು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1977ರಲ್ಲಿ ಪರ್ಮಿಟ್ಟೇ ಗೆದ್ದಿತು. ನಮ್ಮಲ್ಲಿ ಮೆಟ್ರೋ ಸ್ಟೇಷನ್ ಪಕ್ಕದ ಬೀದಿಯವರು ದಿನಾ ಅನುಭವಿಸ್ತಿರೋದೂ ಇದನ್ನೇ.

ನಮ್ಮದೇ ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತೀಲೂ ಪಾರ್ಕಿಂಗ್ ಶುಲ್ಕ ಆ ಜಾಗದ ನಿಜವಾದ ಬೆಲೆಗೆ ತಕ್ಕಂತೆ ಇರಬೇಕು ಅಂತ ಇದೆ. ಇಪ್ಪತ್ತು ವರ್ಷದಿಂದ ಕಡತದಲ್ಲಿ ನಿದ್ದೆ ಹೊಡೀತಿದೆ ಅಷ್ಟೇ.

ಸಭೇಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಎದ್ದು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನು ತಲೆಬಾಗ್ತೀನಿ. "ಆಯ್ತಪ್ಪ, ಕೊಡ್ತೀವಿ. ಆ ದುಡ್ಡು ಎಲ್ಲಿಗೆ ಹೋಗುತ್ತೆ?" ಇದು ನ್ಯಾಯವಾದ ಸಿಟ್ಟು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋದು ಈ ಊರಿನ ಅನುಭವ. ಟೋಯಿಂಗ್ ಗುತ್ತಿಗೆಯವರ ಹಾವಳಿ ಎಷ್ಟಾಯ್ತು ಅಂದ್ರೆ 2022ರ ಫೆಬ್ರವರಿಯಲ್ಲಿ ಅದನ್ನೇ ನಿಲ್ಲಿಸಬೇಕಾಯ್ತು. ಹಂಗಾಗಿ ಪರ್ಮಿಟ್ ಬೇಕು ಅನ್ನೋ ನಾನೂ ಮೂರು ಷರತ್ತು ಹಾಕ್ತೀನಿ.

ಒಂದು, ಬೀದಿಯ ದುಡ್ಡು ಆ ಬೀದಿಗೇ ಬರಬೇಕು. ಕ್ಯಾಲಿಫೋರ್ನಿಯಾದ ಪಾಸಡೀನಾದ ಹಳೇ ಪೇಟೇಲಿ 1993ರಲ್ಲಿ ಮೀಟರ್ ಹಾಕಿದಾಗ ಅಂಗಡಿಯವರು ಮೊದಲು ವಿರೋಧಿಸಿದ್ರು. ಬಂದ ದುಡ್ಡನ್ನ ಅಲ್ಲೇ ಫುಟ್‌ಪಾತಿಗೆ, ದೀಪಕ್ಕೆ ಹಾಕ್ತೀವಿ ಅಂದ ಮೇಲೆ ಒಪ್ಪಿದ್ರು. ನಮ್ಮಲ್ಲೂ ಎಷ್ಟು ಬಂತು, ಎಲ್ಲಿ ಖರ್ಚಾಯ್ತು ಅಂತ ಆ ಬೀದಿ ಮೂಲೇಲೇ ಬೋರ್ಡ್ ಬರೆದು ಹಾಕಲಿ.

ಎರಡು, ವಸೂಲಿ ಗುತ್ತಿಗೆದಾರನ ಕೈಗೆ ಹೋಗಬಾರದು. ಆಸ್ತಿ ತೆರಿಗೆ ಕಟ್ಟಿದಂಗೆ ನೇರ ಪಾಲಿಕೆಗೇ ಕಟ್ಟಿಸಿಕೊಳ್ಳಲಿ.

ಮೂರು, ಒಂದು ರೂಮಿನ ಮನೇಲಿದ್ದು ಹಳದಿ ಬೋರ್ಡ್ ಕಾರ್ ಓಡಿಸಿ ಸಂಸಾರ ತೂಗಿಸೋನಿಗೂ, ಮೂರಂತಸ್ತು ಮನೆ ಕಟ್ಟಿ ಮೂರು ಕಾರ್ ಇಟ್ಟವನಿಗೂ ಒಂದೇ ದರ ಆಗಬಾರದು. ಮೊದಲನೆಯವನಿಗೆ ಹೆಸರಿಗೊಂದು ಶುಲ್ಕ ಸಾಕು. ಎರಡನೇ ಕಾರಿಗೆ ದುಪ್ಪಟ್ಟು, ಮೂರನೆಯದಕ್ಕೆ ಅದರ ದುಪ್ಪಟ್ಟು. ಪಾರ್ಕಿಂಗ್ ಜಾಗನ ಅಂಗಡಿ ಮಾಡಿದವನಿಗೆ ಪರ್ಮಿಟ್ಟೇ ಇಲ್ಲ, ಮೊದಲು ಪ್ಲಾನ್‌ನಲ್ಲಿದ್ದದ್ದನ್ನ ಖಾಲಿ ಮಾಡಿಸಲಿ.

ಈ ಮೂರು ಇಲ್ಲದೆ ಬಂದ್ರೆ ನಾನೂ ವಿರೋಧಿಸ್ತೀನಿ. ಆದ್ರೆ "ಕಳ್ಳರಿದ್ದಾರೆ, ಅದಕ್ಕೇ ಲೆಕ್ಕವೇ ಬೇಡ" ಅನ್ನೋದು ಸೋಮಾರಿ ವಾದ. ಲೆಕ್ಕ ಇಲ್ಲದ ಕಡೆಯೇ ಕಳ್ಳತನ ಜಾಸ್ತಿ. ಈಗ ಬೀದಿ ಪೂರ್ತಿ ಕಳುವಾಗಿದೆಯಲ್ಲ, ಅದರ ದೂರು ಎಲ್ಲಿ ಕೊಡೋದು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರೇ, "ಇದು ಬೆಂಗಳೂರಿನ ರಗಳೆ" ಅಂತ ನಕ್ಕೊಂಡು ಮುಂದಿನ ಬ್ಲಾಗಿಗೆ ಹೋಗಬೇಡಿ. ಬೆಂಗಳೂರಲ್ಲಿ ಗಾಡಿ ಸಂಖ್ಯೆ ಕೋಟಿ ದಾಟಿದ ಮೇಲೆ ಈ ಜಗಳ ಶುರುವಾಗಿದೆ, ಈಗ ಯಾರೂ ಬಗ್ಗಲ್ಲ. ನಿಮ್ಮ ಊರಲ್ಲಿ ಇನ್ನೂ ಬೀದಿ ಕಾಣುತ್ತೆ, ಮಕ್ಕಳು ಆಡೋಕೆ ಜಾಗ ಇದೆ. ಹೊಸ ಬಡಾವಣೆಗಳು ಏಳ್ತಿರೋ ಈಗಲೇ ಕೇಳಿ: ಮನೆ ಒಳಗೆ ಕಾರಿಗೆ ಜಾಗ ಬಿಟ್ಟಿದಾರಾ? ಬೀದೀಲಿ ಗೆರೆ ಎಲ್ಲಿ ಎಳೀತೀರಿ? ಪುಕ್ಕಟೆ ಒಂದು ಸಲ ರೂಢಿಯಾಯ್ತು ಅಂದ್ರೆ ಅದು ಹಕ್ಕಾಗಿಬಿಡುತ್ತೆ, ಆಮೇಲೆ ನೀವೂ ಸಭೇಲಿ ಕೂಗಾಡಬೇಕಾಗುತ್ತೆ.

ಬೈಯೋರು ಧಾರಾಳವಾಗಿ ಬೈಯಿರಿ. ಬೈಯೋ ಮುಂಚೆ ಒಂದು ಟೇಪು ತಗೊಂಡು ಹೋಗಿ ನಿಮ್ಮ ಬೀದಿ ಅಳೆದು, ನಿಂತಿರೋ ಗಾಡಿ ಎಣಿಸಿ, ಉಳಿದಿದ್ದು ಎಷ್ಟಡಿ ಅಂತ ಕೆಳಗೆ ಕಾಮೆಂಟಲ್ಲಿ ಬರೀರಿ. ಎಂಟಡಿಗಿಂತ ಜಾಸ್ತಿ ಉಳಿದಿದ್ರೆ ಮುಂದಿನ ಮಾತು ನಿಧಾನವಾಗಿ ಆಡೋಣ.