ನಿನ್ನ ಡೆಕ್ ಚಲೋ ಅದ, ನಮಗೇನು ಮಾಡ್ತದ?

ರೋಜಾದ ನಮ್ಮ ರೂಮಿನಲ್ಲಿ ಭಾನುವಾರ ಸಂಜೆ ಅಂದ್ರೆ 'ಲಾರ್ಡ್ ಆಫ್ ದ ರಿಂಗ್ಸ್: ದ ಕಾರ್ಡ್ ಗೇಮ್'. ಫ್ಯಾಂಟಸಿ ಫ್ಲೈಟ್ ಗೇಮ್ಸ್ 2011ರಲ್ಲಿ ತಂದ ಆಟ. ರಮ್ಮಿ ಹಂಗಲ್ಲ, ಇಲ್ಲಿ ಪಕ್ಕದಾಗ ಕೂತವನನ್ನು ಸೋಲಿಸೋದಿಲ್ಲ. ಎಲ್ಲರೂ ಕೂಡಿ ಆಟದ ವಿರುದ್ಧವೇ ಆಡಬೇಕು.

ಹೋದ ತಿಂಗಳು ನಾವು ನಾಲ್ವರೂ ಒಬ್ಬೊಬ್ಬರೇ ಕೂತು, ಮೂರು ಹೀರೋ ಆರಿಸಿ, 50 ಕಾರ್ಡಿನ ಡೆಕ್ ಕಟ್ಟಿಕೊಂಡು ಬಂದ್ವಿ. ನೋಡಿದ್ರೆ ಇಬ್ಬರ ಹತ್ರ ಅರಗಾರ್ನ್! ಯುನೀಕ್ ಕಾರ್ಡ್ ಒಂದೇ ಹೆಸರಿನವು ಎರಡು ಇಳಿಸೋಹಂಗಿಲ್ಲ. ಒಬ್ಬ ಮುಖ ಊದಿಸಿಕೊಂಡೇ ಹೀರೋ ಬದಲಿಸಿದ.

ನಾಲ್ವರು ಆಡಿದ್ರೆ ಸುತ್ತಿಗೆ ನಾಲ್ಕು ಎನ್‌ಕೌಂಟರ್ ಕಾರ್ಡ್ ತೆರೀತವೆ. ನಮ್ಮ ಗೆಳೆಯ ಒಬ್ಬನ ಥ್ರೆಟ್ ಹೆಚ್ಚಿತ್ತು, ವೈರಿಗಳೆಲ್ಲ ಅವನ ಮುಂದೆ ಬಂದು ನಿಂತರು. ಅರಗಾರ್ನ್‌ಗೆ ಸೆಂಟಿನೆಲ್ ಅದ, ಅಂದ್ರೆ ಬೇರೆಯವರ ಪರವಾಗಿಯೂ ಅಡ್ಡ ನಿಲ್ಲಬಹುದು. ಆದ್ರೆ ಅವನನ್ನು ತಂದವನು ತನ್ನ ವೈರಿಗಷ್ಟೇ ಬಳಸಿಕೊಂಡ. ಉಳಿದವರ ಡೆಕ್ಕಿನಾಗ ಆ ನಮೂನಿ ಕಾರ್ಡೇ ಇರಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಗೆಳೆಯನ ಮೂರೂ ಹೀರೋ ಸತ್ತರು. ಆಮೇಲೆ ಒಂದು ತಾಸು ಅವ ಮೊಬೈಲ್ ನೋಡ್ತಾ ಕೂತ. ಮುಂದಿನ ಭಾನುವಾರ ಬರಲೇ ಇಲ್ಲ.

ತಪ್ಪು ನಮ್ದೇ. ಒಂಟಿ ಡೆಕ್ ಎಲ್ಲಾ ಕೆಲಸ ತಾನೇ ಮಾಡಬೇಕು. ನಾಲ್ವರ ಆಟಕ್ಕೆ ಅಂಥ ನಾಲ್ಕು ಡೆಕ್ ಕೂಡಿಸಿದ್ರೆ ತಂಡ ಆಗಲ್ಲ. ಕಾರ್ಡ್ ಮುಟ್ಟೋ ಮೊದಲೇ ಮಾತಾಡಬೇಕು. ಸ್ಪಿರಿಟ್ ತಗೊಂಡವರು ಎಯೋವಿನ್ ಇಟ್ಕೊಂಡು ಕ್ವೆಸ್ಟ್ ನೋಡಲಿ, ಅವಳ ವಿಲ್‌ಪವರ್ 4. ಟ್ಯಾಕ್ಟಿಕ್ಸ್‌ನವರು ಲೆಗೋಲಸ್ ತರಲಿ, ರೇಂಜ್ಡ್ ಇರೋದ್ರಿಂದ ಇನ್ನೊಬ್ಬರ ಮುಂದಿನ ವೈರಿಗೂ ಬಾಣ ಬಿಡ್ತಾನೆ. ಲೋರ್‌ನ ಬೆರಾವರ್ ಯಾರಿಗೆ ಬೇಕೋ ಅವರಿಗೆ ಎರಡು ಕಾರ್ಡ್ ಕೊಡಿಸ್ತಾಳೆ. ಲೀಡರ್‌ಶಿಪ್‌ನ ಅರಗಾರ್ನ್ ಕಾವಲಿಗೆ.

"ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಟ್ರೆ, ಒಬ್ಬ ಬಿದ್ದಾಗ ಎಲ್ಲರೂ ಬೀಳ್ತೀವಲ್ಲ?" ಅಂತ ಕೇಳಬಹುದು. ಖರೇ. ಅದಕ್ಕೇ ಪ್ರತಿ ಡೆಕ್ಕಿನಾಗೂ ಒಬ್ಬ ವೈರಿಯನ್ನಾದರೂ ತಡೆಯೋ ಶಕ್ತಿ ಇರಬೇಕು. ಬರೀ ಬೇರೆಯವರಿಗೆ ಕಾರ್ಡ್ ಹಂಚ್ತಾ ಕೂರೋದೂ ಬೇಜಾರೇ. ಆದ್ರೆ ಕೊನೆಯ ಹತ್ತು ಕಾರ್ಡ್ ಆರಿಸುವಾಗ "ನನಗೇನು ಬೇಕು" ಅನ್ನೋದಕ್ಕಿಂತ "ನಿನಗೇನು ಕಡಿಮೆ ಬಿದ್ದದ" ಅಂತ ಕೇಳೋದು ಚಲೋ.

ಈ ಭಾನುವಾರಕ್ಕೆ ಆ ಗೆಳೆಯನಿಗೆ ಮೆಸೇಜ್ ಹಾಕೀವಿ: "ಡೆಕ್ ತರಬ್ಯಾಡ, ಹಂಗೇ ಬಾ. ಕೂಡಿ ಕಟ್ಟೋಣು."