ಲಿನಕ್ಸ್ ಹಾಕಿದ ಮೇಲೆ ವಿಡಿಯೊ ಏಕೆ ಓಡುವುದಿಲ್ಲ? ಕೊಡೆಕ್ ಕೊರತೆಯ ಕಾರಣ ಮತ್ತು ಪರಿಹಾರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಸೌಲಭ್ಯವೂ ಸಾಕಷ್ಟು ಹೊಸ ಪ್ರೊಸೆಸರ್ ಕೂಡ ಇರಬೇಕು. ಇವೆರಡೂ ಇಲ್ಲದ, ಆದರೆ ಇನ್ನೂ ಚೆನ್ನಾಗಿ ಕೆಲಸ ಮಾಡುವ ಕಂಪ್ಯೂಟರುಗಳು ನಮ್ಮ ಶಾಲೆಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ, ಮನೆಗಳಲ್ಲಿ ಬೇಕಾದಷ್ಟಿವೆ. ಅವನ್ನು ಗುಜರಿಗೆ ಹಾಕುವ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳುವುದು ಒಳ್ಳೆಯ ದಾರಿ.

ಆದರೆ ಹಾಗೆ ಮಾಡಿದ ಹಲವರು ಮೊದಲ ದಿನವೇ ಎಡವುವ ಜಾಗವೊಂದಿದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಮೊಬೈಲಿನಿಂದ ಹಿಡಿದ ನಾಟಕದ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ತಂದು ತೆರೆದರೆ ಮಾತು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಇನ್ನು ಕೆಲವು ಕಡತಗಳಲ್ಲಿ ಚಿತ್ರ ಇದೆ, ಧ್ವನಿ ಇಲ್ಲ. "ಲಿನಕ್ಸ್‌ನಾಗ ವಿಡಿಯೊ ಓಡಂಗಿಲ್ರಿ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಮುಂದಿನ ಹೆಜ್ಜೆಯಾಗಿ ಯಾರೋ ಕೊಟ್ಟ ಕಳ್ಳಪ್ರತಿಯ ವಿಂಡೋಸ್ ಮತ್ತೆ ಕಂಪ್ಯೂಟರಿಗೆ ಬರುತ್ತದೆ, ಅದರ ಜೊತೆಗೆ ವೈರಸ್ ಭಯವೂ ಬರುತ್ತದೆ.

ಈ ನಂಬಿಕೆ ಎಷ್ಟು ನಿಜ? ವಿಡಿಯೊ ಓಡದಿರುವುದು ನಿಜ. ಲಿನಕ್ಸ್‌ಗೆ ಅದನ್ನು ಓಡಿಸಲು ಬರುವುದಿಲ್ಲ ಎನ್ನುವುದು ಸುಳ್ಳು.

ಕೊಡೆಕ್ ಎಂದರೇನು?

ಸಾಮಾನ್ಯ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್ ಎಂದು ಹಿಡಿದರೆ ಒಂದು ಚಿತ್ರಕ್ಕೇ 6.2 ಎಂಬಿ. ಸೆಕೆಂಡಿಗೆ 25 ಚಿತ್ರಗಳಾದರೆ 155 ಎಂಬಿ. ಒಂದು ನಿಮಿಷಕ್ಕೆ 9.3 ಜಿಬಿ! ಆದರೂ ನಮ್ಮ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಎಂಬಿಯೊಳಗೆ ಕೂರುತ್ತದೆ. ಹೀಗೆ ಕುಗ್ಗಿಸುವ ಮತ್ತು ನೋಡುವಾಗ ಮತ್ತೆ ಬಿಡಿಸುವ ವಿಧಾನವೇ ಕೊಡೆಕ್.

ಇಳಕಲ್ ಸೀರೆಯ ಉದಾಹರಣೆ ತೆಗೆದುಕೊಳ್ಳೋಣ. ದಡಿ ಹೇಗಿರಬೇಕು ಎಂದು ನೇಕಾರರಿಗೆ ಹೇಳುವಾಗ ಯಾರೂ ಒಂದೊಂದು ಎಳೆಯನ್ನು ವಿವರಿಸುವುದಿಲ್ಲ. "ಗೋಮಿ ದಡಿ, ತೋಪ ತೆನಿ ಸೆರಗು" ಎಂದರೆ ಸಾಕು, ಉಳಿದದ್ದು ಅವರಿಗೆ ಗೊತ್ತು. ಸಾವಿರಾರು ಎಳೆಗಳ ವಿವರ ಎರಡು ಮಾತಿನಲ್ಲಿ ಅಡಗಿತು. ಆದರೆ ಗೋಮಿ ಎಂದರೇನೆಂದೇ ಗೊತ್ತಿಲ್ಲದವರಿಗೆ ಇದೇ ಮಾತು ಹೇಳಿದರೆ ಮಗ್ಗ ಚೆನ್ನಾಗಿದ್ದರೂ, ನೂಲು ಇದ್ದರೂ ಸೀರೆ ಬರುವುದಿಲ್ಲ. ಕೊಡೆಕ್ ಇಲ್ಲದ ಕಂಪ್ಯೂಟರಿನ ಸ್ಥಿತಿಯೂ ಇದೇ. ಕಡತ ಸರಿಯಾಗಿದೆ, ಯಂತ್ರವೂ ಸರಿಯಾಗಿದೆ, ಆ ಕಡತದ ಮಾತನ್ನು ಬಿಡಿಸಿ ಹೇಳುವವರು ಇಲ್ಲ.

ಒಂದೇ ಕಡತದಲ್ಲಿ ಚಿತ್ರಕ್ಕೊಂದು, ಧ್ವನಿಗೊಂದು ಕೊಡೆಕ್ ಇರುತ್ತದೆ. ಈಚಿನ ಮೊಬೈಲುಗಳ ವಿಡಿಯೊದಲ್ಲಿ ಚಿತ್ರ ಎಚ್.264 ಅಥವಾ ಎಚ್.265ರಲ್ಲಿ, ಧ್ವನಿ ಸಾಮಾನ್ಯವಾಗಿ ಎಎಸಿಯಲ್ಲಿ ಇರುತ್ತದೆ. ಒಂದು ಕೊಡೆಕ್ ಇದ್ದು ಇನ್ನೊಂದು ಇಲ್ಲದಿದ್ದಾಗ ಅರ್ಧ ಮಾತ್ರ ಓಡುತ್ತದೆ.

ಹಾಗಾದರೆ ಎಂಪಿ4, ಎಂಕೆವಿ ಎಂದರೇನು? ಅವು ಡಬ್ಬಿಗಳು ಮಾತ್ರ. ಒಂದೇ ಎಂಪಿ4 ಡಬ್ಬಿಯಲ್ಲಿ ಬೇರೆ ಬೇರೆ ಕೊಡೆಕ್‌ಗಳ ವಿಡಿಯೊ ಇರಬಹುದು. ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4 ಅಳಿಸಿ ಎವಿಐ ಎಂದು ಬರೆದರೆ ಓಡುತ್ತದೆ ಎಂಬ ಸಲಹೆ ಇದಕ್ಕೇ ಕೆಲಸಕ್ಕೆ ಬರುವುದಿಲ್ಲ. ಡಬ್ಬಿಯ ಮೇಲೆ ಅಮೀನಗಡ ಕರದಂಟು ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಒಳಗಿನ ಶೇಂಗಾ ಉಂಡೆ ಕರದಂಟು ಆಗುತ್ತದೆಯೇ?

ಲಿನಕ್ಸ್‌ನಲ್ಲಿ ಮೊದಲೇ ಏಕೆ ಇರುವುದಿಲ್ಲ?

ಇದಕ್ಕೆ ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕಾನೂನು. 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್.265ರ ಹಿಂದೆ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಇವನ್ನು ಬಳಸುವ ಉತ್ಪನ್ನ ಮಾರುವವರು ಪರವಾನಗಿ ಶುಲ್ಕ ಕಟ್ಟಬೇಕಾಗುತ್ತದೆ. ಮೊಬೈಲ್ ಅಥವಾ ಟಿವಿ ಕೊಂಡಾಗ ಆ ಶುಲ್ಕ ಬೆಲೆಯೊಳಗೇ ಸೇರಿರುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ. ಲಿನಕ್ಸ್ ಅನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಎಷ್ಟು ಪ್ರತಿಯನ್ನಾದರೂ ಹಂಚಬಹುದು. ಒಂದೊಂದು ಪ್ರತಿಗೂ ಶುಲ್ಕ ಎಂದರೆ ಕಟ್ಟುವವರು ಯಾರು? ಹೀಗಾಗಿ ಹಲವು ಆವೃತ್ತಿಗಳು ಇಂಥ ಕೊಡೆಕ್‌ಗಳನ್ನು ಪ್ರತ್ಯೇಕವಾಗಿ ಇಟ್ಟು, ಬೇಕಾದವರು ಹಾಕಿಕೊಳ್ಳಲಿ ಎಂದು ಬಿಡುತ್ತವೆ. ಅಮೆರಿಕದ ರೆಡ್ ಹ್ಯಾಟ್ ಕಂಪನಿಯ ನೆರಳಿನಲ್ಲಿರುವ ಫೆಡೊರಾ ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಉಬುಂಟು ಮತ್ತು ಮಿಂಟ್ ಒಂದು ಗುಂಡಿ ಒತ್ತಿದರೆ ಸಿಗುವಂತೆ ಇಟ್ಟಿವೆ.

ಈ ಸ್ಥಿತಿ ಶಾಶ್ವತವೂ ಅಲ್ಲ. ಎಂಪಿ3ರ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಅಲ್ಲಿಯವರೆಗೆ ಎಂಪಿ3 ಹಾಡಿಗೂ ಲಿನಕ್ಸ್‌ನಲ್ಲಿ ಇದೇ ಪಾಡಿತ್ತು, ಈಗ ಇಲ್ಲ. ಇನ್ನೊಂದು ಕಡೆ ಶುಲ್ಕವಿಲ್ಲದೆ ಬಳಸಲೆಂದೇ ರೂಪಿಸಿದ ಕೊಡೆಕ್‌ಗಳು ಬಂದಿವೆ: ಧ್ವನಿಗೆ ಓಪಸ್ (2012), ಚಿತ್ರಕ್ಕೆ ವಿಪಿ9 (2013) ಮತ್ತು ಎವಿ1 (2018). ಯೂಟ್ಯೂಬ್ ಇವುಗಳನ್ನು ಹೇರಳವಾಗಿ ಬಳಸುತ್ತದೆ. ಹೊಸದಾಗಿ ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಓಡಿ, ವಾಟ್ಸ್‌ಆಪ್‌ನಲ್ಲಿ ಬಂದ ವಿಡಿಯೊ ಓಡದಿರುವ ಒಗಟಿಗೆ ಉತ್ತರ ಇಲ್ಲೇ ಇದೆ. ಎರಡೂ ಬೇರೆ ಬೇರೆ ಕೊಡೆಕ್‌ಗಳು.

ಇದು ಲಿನಕ್ಸ್‌ಗೆ ಮಾತ್ರ ಅಂಟಿದ ತೊಂದರೆ ಎಂದುಕೊಳ್ಳಬೇಕಿಲ್ಲ. ವಿಂಡೋಸ್ 8 ಬಂದಾಗ ಅದರ ಮೀಡಿಯಾ ಪ್ಲೇಯರ್‌ನಿಂದ ಡಿವಿಡಿ ನೋಡುವ ಸೌಲಭ್ಯವನ್ನು ತೆಗೆಯಲಾಗಿತ್ತು. ವಿಂಡೋಸ್ 10 ಮತ್ತು 11ರಲ್ಲಿಯೂ ಎಚ್.265ರ ಜೋಡಣೆಯನ್ನು ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಅಂಗಡಿಯಲ್ಲಿ ಸಣ್ಣ ಶುಲ್ಕಕ್ಕೆ ಮಾರುತ್ತದೆ.

ಭಾರತದ ಕಾನೂನು ಏನು ಹೇಳುತ್ತದೆ?

ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನ, ಅಲ್ಗಾರಿದಮ್ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಮ್‌ಗೆ ಪೇಟೆಂಟ್ ಸಿಗುವುದಿಲ್ಲ. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆ ಈ ಕಲಮನ್ನು ಸಡಿಲಿಸಲು ಹೊರಟಿತ್ತು. 2005ರ ತಿದ್ದುಪಡಿ ಕಾಯ್ದೆಯಲ್ಲಿ ಆ ಬದಲಾವಣೆಯನ್ನು ಕೈಬಿಡಲಾಯಿತು. ಹಾಗೆಂದು ಇಲ್ಲಿ ಇಂಥ ಪೇಟೆಂಟ್‌ಗಳೇ ಇಲ್ಲ ಎನ್ನುವಂತಿಲ್ಲ. ಡಿವಿಡಿ ಪ್ಲೇಯರ್‌ಗಳಲ್ಲಿ ಬಳಸಿದ ತಂತ್ರದ ಪೇಟೆಂಟ್ ಕುರಿತು 2018ರಲ್ಲಿ ದೆಹಲಿ ಹೈಕೋರ್ಟ್ ಫಿಲಿಪ್ಸ್ ಕಂಪನಿಯ ಪರವಾಗಿ ತೀರ್ಪು ನೀಡಿತ್ತು. ಆ ವ್ಯಾಜ್ಯ ಇದ್ದದ್ದು ಉತ್ಪನ್ನ ತಯಾರಿಸಿ ಮಾರುವವರ ಮೇಲೆ, ಮನೆಯಲ್ಲಿ ಕುಳಿತು ವಿಡಿಯೊ ನೋಡುವವರ ಮೇಲಲ್ಲ.

ಸರಿಪಡಿಸುವುದು ಹೇಗೆ?

ಮೊದಲು ರೋಗ ಯಾವುದೆಂದು ತಿಳಿಯಬೇಕು. ಅದೇ ಕಡತವನ್ನು ಮೊಬೈಲಿನಲ್ಲಿ ಓಡಿಸಿ ನೋಡಿ. ಅಲ್ಲಿಯೂ ಓಡದಿದ್ದರೆ ಕಡತವೇ ಕೆಟ್ಟಿರಬಹುದು. ನಕಲು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತರೆ ಹೀಗಾಗುವುದುಂಟು. ಕಂಪ್ಯೂಟರಿನಲ್ಲಿ ಯಾವುದರ ಧ್ವನಿಯೂ ಬರದಿದ್ದರೆ ಅದು ಸ್ಪೀಕರ್ ಅಥವಾ ಸೌಂಡ್ ಸೆಟ್ಟಿಂಗ್ ಸಮಸ್ಯೆ. ಕೆಲವು ಕಡತಗಳು ಓಡಿ ಕೆಲವು ಓಡದಿದ್ದರೆ, ಅಥವಾ ಒಂದೇ ಕಡತ ಅರ್ಧ ಮಾತ್ರ ಓಡಿದರೆ ಕೊಡೆಕ್ ಕೊರತೆಯನ್ನು ಶಂಕಿಸಬಹುದು.

ಉಬುಂಟು: ಹೊಸದಾಗಿ ಹಾಕುವಾಗಲೇ ಹೆಚ್ಚುವರಿ ಮಾಧ್ಯಮ ನಮೂನೆಗಳಿಗೆ ಬೆಂಬಲ ಬೇಕೇ ಎಂಬ ಆಯ್ಕೆ ಬರುತ್ತದೆ, ಅಲ್ಲಿ ಟಿಕ್ ಮಾಡಿ. ಆಗ ಬಿಟ್ಟುಹೋಗಿದ್ದರೆ ಇಂಟರ್‌ನೆಟ್ ಜೋಡಿಸಿ, ಟರ್ಮಿನಲ್ ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್ ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್' ಎಂಬ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮೊಬೈಲ್ ಹಾಟ್‌ಸ್ಪಾಟ್ ಸಾಕು. ಮಧ್ಯದಲ್ಲಿ ಮೈಕ್ರೋಸಾಫ್ಟ್ ಅಕ್ಷರ ವಿನ್ಯಾಸಗಳ ಪರವಾನಗಿ ಪುಟ ಬರುತ್ತದೆ. ಅಲ್ಲಿ ಮೌಸ್ ನಡೆಯುವುದಿಲ್ಲ. ಟ್ಯಾಬ್ ಕೀ ಒತ್ತಿ 'ಓಕೆ' ಮೇಲೆ ಬಂದು ಎಂಟರ್ ಒತ್ತಬೇಕು. ಕಂಪ್ಯೂಟರ್ ನಿಂತೇ ಹೋಯಿತೆಂದು ಕಿಟಕಿ ಮುಚ್ಚುವವರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಪುಟದಲ್ಲೇ.

ಮಿಂಟ್: ಮೆನುವಿನ ಸೌಂಡ್ ಮತ್ತು ವಿಡಿಯೊ ವಿಭಾಗದಲ್ಲಿ ಮಲ್ಟಿಮೀಡಿಯಾ ಕೊಡೆಕ್‌ಗಳನ್ನು ಹಾಕುವ ಆಯ್ಕೆಯೇ ಇದೆ.

ಫೆಡೊರಾ: ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರವನ್ನು ಸೇರಿಸಿ, ಅಲ್ಲಿಂದ ಪೂರ್ಣ ಎಫ್‌ಎಫ್‌ಎಂಪೆಗ್ ಹಾಕಿಕೊಳ್ಳಬೇಕು. ಇದು ಕಷ್ಟವೆನಿಸಿದರೆ ಫ್ಲಾಟ್‌ಹಬ್‌ನಿಂದ ವಿಎಲ್‌ಸಿ ಹಾಕಿಕೊಂಡರೂ ಆಗುತ್ತದೆ.

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿತು. ಫ್ಲಾಟ್‌ಹಬ್‌ನಲ್ಲಿ ಸಿಗುವ ವಿಎಲ್‌ಸಿ ಬೇಕಾದ ಕೊಡೆಕ್‌ಗಳನ್ನು ತನ್ನೊಡನೆಯೇ ತರುವುದರಿಂದ ಹೆಚ್ಚಿನ ಕಡತಗಳು ಅದರಲ್ಲಿ ನೇರವಾಗಿ ಓಡುತ್ತವೆ. ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿದರೆ ಕಡತದಲ್ಲಿ ಯಾವ ಕೊಡೆಕ್ ಇದೆ ಎಂದೂ ತೋರಿಸುತ್ತದೆ.

ಏನು ಮಾಡಬಾರದು?

"ಈ ವಿಡಿಯೊ ನೋಡಲು ಕೊಡೆಕ್ ಇಳಿಸಿಕೊಳ್ಳಿ" ಎಂದು ಯಾವುದೋ ಜಾಲತಾಣ ಹೇಳಿದರೆ ಇಳಿಸಿಕೊಳ್ಳಬೇಡಿ. 2005ರ ಸುಮಾರಿಗೆ ವಿಂಡೋಸ್‌ನಲ್ಲಿ ಹರಡಿದ ಝ್ಲಾಬ್ ಎಂಬ ಕುತಂತ್ರಾಂಶ ಕೊಡೆಕ್ ವೇಷದಲ್ಲೇ ಬಂದಿತ್ತು. 2007ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗೂ ಅದೇ ಬಗೆಯ ಬಲೆ ಬೀಸಲಾಗಿತ್ತು. ಲಿನಕ್ಸ್‌ನಲ್ಲಿ ಕೊಡೆಕ್‌ಗಳು ನಿಮ್ಮ ಆವೃತ್ತಿಯ ತಂತ್ರಾಂಶ ಭಂಡಾರದಿಂದ, ಇಲ್ಲವೇ ಮೇಲೆ ಹೇಳಿದಂಥ ಹೆಸರುವಾಸಿ ಭಂಡಾರಗಳಿಂದ ಮಾತ್ರ ಬರಲಿ.

ವಿಡಿಯೊವನ್ನು ಬೇರೆ ನಮೂನೆಗೆ ಬದಲಿಸುವುದು ಕೊನೆಯ ಉಪಾಯವಾಗಿರಲಿ. ಪ್ರತಿ ಬದಲಾವಣೆಯಲ್ಲೂ ಗುಣಮಟ್ಟ ಒಂದಿಷ್ಟು ಕರಗುತ್ತದೆ. ಬದಲಿಸಲೇಬೇಕಾದ ಸಂದರ್ಭಗಳೂ ಇವೆ: ಬಾದಾಮಿ ಗುಹೆಗಳ ವಿಡಿಯೊವನ್ನು ವಿಕಿಪೀಡಿಯ ಪುಟಕ್ಕಾಗಿ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬೇಕೆಂದರೆ ಎಂಪಿ4 ನಡೆಯುವುದಿಲ್ಲ, ವೆಬ್‌ಎಂ ಬೇಕು. ಆಗ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಿ.

ಶಾಲೆಗಳಿಗೆ ಇದು ಏಕೆ ಮುಖ್ಯ?

ಮನೆಯಲ್ಲಿ ಒಂದು ವಿಡಿಯೊ ಓಡದಿದ್ದರೆ ಬೇಸರವಷ್ಟೇ. ಹುನಗುಂದದ ಹಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠದ ವಿಡಿಯೊ ಓಡದಿದ್ದರೆ ಆ ಅವಧಿಯೇ ಹೋಯಿತು, ಎರಡು ಸಲ ಹೀಗಾದರೆ ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ಲಿನಕ್ಸ್ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯ ಶಿಕ್ಷಕ ತರಬೇತಿಗಳಲ್ಲಿ ಉಬುಂಟು ಬಳಸಲಾಗಿದೆ. ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆ ಉಬುಂಟುವನ್ನೇ ಆಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಮೊದಲೇ ಸೇರಿಸಿದ ಆವೃತ್ತಿಯನ್ನು ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಆ ವ್ಯವಸ್ಥೆಯೊಳಗೇ ಇವೆ. ಒಬ್ಬೊಬ್ಬ ಶಿಕ್ಷಕರೂ ತಾವೇ ಹೆಣಗುವ ಬದಲು ಒಮ್ಮೆ ಸಿದ್ಧಪಡಿಸಿ ಎಲ್ಲರಿಗೂ ಹಂಚುವ ದಾರಿ ಅದು.

ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇಳಕಲ್‌ನಲ್ಲಿದೆ. ಇಂಥ ಸಂಸ್ಥೆಗಳ ತರಬೇತಿಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು. ಪ್ರತಿ ಕಂಪ್ಯೂಟರಿಗೂ ಒಮ್ಮೆ ಕೊಡೆಕ್ ಹಾಕಿ, ಮೊಬೈಲಿನ ಒಂದು ವಿಡಿಯೊ, ಒಂದು ಹಾಡು, ಒಂದು ಡಿವಿಡಿ ಓಡಿಸಿ ನೋಡಿ ಶಾಲೆಗೆ ಕಳುಹಿಸಬಹುದು. ಅದಾದ ಮೇಲೂ ಓಡದ ಕಡತ ಸಿಕ್ಕರೆ, ಅದನ್ನು ಬೇರೆ ಸಮಸ್ಯೆಯೆಂದು ಧೈರ್ಯವಾಗಿ ಹುಡುಕಬಹುದು.